ರವಾನೋ, ಗಂಜೀನೋ

ಬ್ಯಾಡಗಿಯ ಸಲಾವುದ್ದೀನನಿಗೆ ಹೊಳೆಯ ತಳ ಕಾಣಲು ಕಣ್ಣು ಬೇಕಾಗುತ್ತಿರಲಿಲ್ಲ. ನೀರಿನಲ್ಲಿ ಹುಗಿದುಹೋದ ಗಾಡಿಗಳನ್ನು ಮೂವತ್ತು ವರ್ಷದಿಂದ ಎತ್ತಿಸುತ್ತ ಬಂದವನು. ಕೆರೆಯ ಹೂಳಿನಲ್ಲಿ ಕುಂತ ಜೆಸಿಬಿ, ವರದಾ ದಡದಲ್ಲಿ ಮಗುಚಿದ ಟ್ರ್ಯಾಕ್ಟರ್, ಒಮ್ಮೆ ತುಂಗಭದ್ರೆಗೆ ಜಾರಿದ ಇಟ್ಟಂಗಿ ಲಾರಿ. ಸರಪಳಿ, ಹಗ್ಗ, ತೊಲೆ ಎಲ್ಲ ಆಮೇಲೆ. ಮೊದಲು ಚಪ್ಪಲಿ ಬಿಟ್ಟು ನೀರಿಗಿಳಿದು ಅಂಗಾಲಿನಿಂದ ನೆಲವನ್ನು ಮುಟ್ಟಿ ನೋಡುತ್ತಿದ್ದ. ಎಲ್ಲಿ ಗಟ್ಟಿ, ಎಲ್ಲಿ ಮೋಸ ಎಂದು ಅವನು ಕೂಗಿ ಹೇಳಿದ ಮೇಲೆಯೇ ಗಾಡಿಯ ಡ್ರೈವರ್ ಕೈ ಆಡಿಸುವುದು.

ಹೆಂಡತಿ ಹುಸೇನಬಿ ಮೆಣಸಿನಕಾಯಿ ಅಂಗಡಿಯಲ್ಲಿ ತೊಟ್ಟು ಬಿಡಿಸುವ ಕೆಲಸದವಳು. ಮನೆಯಲ್ಲಿ ಇಬ್ಬರದೂ ಉರ್ದು ಮಾತು. ಬೈಯಬೇಕಾದಾಗ ಮಾತ್ರ ಅವಳು ಕನ್ನಡಕ್ಕೆ ಬರುತ್ತಿದ್ದಳು. ಹೋದ ವರ್ಷ ಒಂದು ಮುಂಜಾನೆ ಗಂಡ ಓಡಾಡಿದಲ್ಲೆಲ್ಲ ಟಕ್ ಟಕ್ ಸಪ್ಪಳ. ಕೂರಿಸಿ ಕಾಲೆತ್ತಿ ನೋಡಿದರೆ ಅಂಗಾಲಿನಲ್ಲಿ ಒಂದು ಮೊಳೆ.

"ಯಾವಾಗ ಚುಚ್ಚೇತ್ರಿ ಇದು?"

"ಯಾವುದು?" ಎಂದ ಅವನು.

ಆ ಒಂದು ಮಾತಿಗೆ ಅವಳು ಬೈಯುವುದನ್ನೇ ಮರೆತಳು.

ಸಕ್ಕರೆ ಕಾಯಿಲೆಗೆ ಕಾಲಿನ ಅರಿವು ಹೋಗಿದೆ, ಬರಿಗಾಲಲ್ಲಿ ತಿರುಗಬೇಡಿ ಎಂದು ಹಾವೇರಿಯ ಡಾಕ್ಟರು ಹೇಳಿದರು. "ಡಾಕ್ಟರ್ ಕೆಸರು ನೋಡಿಲ್ಲ ಬಿಡು," ಎಂದ ಸಲಾವುದ್ದೀನ, ಯಾರಿಗೂ ಹೇಳಕೂಡದೆಂದು ಅವಳಿಂದ ಮಾತು ತೆಗೆದುಕೊಂಡ. ಕಾಲು ಹೋಯಿತೆಂದು ತಿಳಿದರೆ ಅವನನ್ನು ಯಾರು ಕರೆಯುತ್ತಾರೆ? ಆ ವರ್ಷವೆಲ್ಲ ಬಂದದ್ದು ಸಣ್ಣ ಸಣ್ಣ ಕೆಲಸ. ಅಂದಾಜಿನ ಮೇಲೆ ಹೇಗೋ ನಡೆದುಹೋಯಿತು.

ಈ ಜನವರಿಯಲ್ಲಿ ರಾಣೇಬೆನ್ನೂರಿನಿಂದ ವಿಜಯಮಹಾಂತೇಶನ ಫೋನು ಬಂತು. ಅವನು ಗಾಡಿ ಬಾಡಿಗೆ ಕೊಡುವವನು. ಗಳಗನಾಥದ ಹತ್ತಿರ ಹೊಳೆಯ ಹೂಳು ತೆಗೆಯುತ್ತಿದ್ದ ಅವನ ಹಿಟಾಚಿ ಹುಗಿದಿತ್ತು.

"ಗಳಗನಾಥ ನನ್ನ ತವರಮನಿ. ನಾನೂ ಬರ್ತೇನಿ," ಎಂದಳು ಹುಸೇನಬಿ. ಕನ್ನಡದಲ್ಲೇ ಹೇಳಿದ್ದರಿಂದ ಸಲಾವುದ್ದೀನ ಎದುರು ಮಾತಾಡಲಿಲ್ಲ.

ಹಿಟಾಚಿಯ ಚೈನುಗಾಲಿಗಳು ಪೂರ್ತಿ ಮುಳುಗಿ, ಅದು ಮಡುವಿನ ಕಡೆಗೆ ವಾಲಿತ್ತು. ಒಳಗೆ ಡ್ರೈವರ್ ಚನ್ನೇಶ ಕೂತಿದ್ದ.

"ಏನ್ ಚನ್ನೇಶಾ, ಎಮ್ಮಿ ಕುಂತಂಗ ಕುಂತೈತೆಲ್ಲೋ ನಿನ್ನ ಗಾಡಿ!" ಎಂದು ಸಲಾವುದ್ದೀನ ದಡದಿಂದಲೇ ಕೂಗಿದ.

"ಎಮ್ಮಿ ಆಗಿದ್ರ ಸಂಜಿಮುಂದ ತಾನಾ ಏಳ್ತಿತ್ತು ಕಾಕಾ. ಇದು ನಿಮ್ಮ ಮಾತಷ್ಟ ಕೇಳೋದು."

ಮಾಡಬೇಕಾದ್ದು ಎಲ್ಲರಿಗೂ ಗೊತ್ತಿತ್ತು. ಬಕೆಟ್ಟನ್ನು ಗಟ್ಟಿ ನೆಲಕ್ಕೆ ಊರಿ ಒತ್ತಿದರೆ ಹಿಟಾಚಿ ಮೈಯೆತ್ತುತ್ತದೆ, ಅದೇ ಹೊತ್ತಿಗೆ ದಡದ ಮೇಲಿನ ಇನ್ನೊಂದು ಗಾಡಿ ಸರಪಳಿ ಎಳೆಯಬೇಕು. ಆದರೆ ಬಕೆಟ್ ಮೆತ್ತನೆಯ ಕೆಸರಿಗೆ ಇಳಿದರೆ ಗಾಡಿ ಚನ್ನೇಶನ ಸಮೇತ ಮಡುವಿಗೆ ಮಗುಚುತ್ತದೆ.

ಸಲಾವುದ್ದೀನ ನೀರಿಗಿಳಿದ. ಬೇರೆ ಯಾರದೋ ಕಾಲಿನ ಮೇಲೆ ನಿಂತಂತಿತ್ತು. ತಣ್ಣಗಿದೆಯೋ ಬೆಚ್ಚಗಿದೆಯೋ ಅದೂ ತಿಳಿಯಲಿಲ್ಲ. ಒಂದು ಕಡೆ ಕಾಲು ಇಳಿಯಲಿಲ್ಲ. ಅಷ್ಟನ್ನೇ ನಂಬಿ "ಇಲ್ಲಿ ಊರೋ" ಎಂದು ಕೂಗಿ, ಗಳ ನೆಟ್ಟು ದಡಕ್ಕೆ ಬಂದ.

ಅವನು ಹತ್ತಿದ ದಾರಿಯುದ್ದಕ್ಕೂ ಉಸುಕಿನ ಮೇಲೆ ಕೆಂಪು ಹೆಜ್ಜೆ ಮೂಡಿದ್ದವು. ಕಪ್ಪೆಚಿಪ್ಪು ಕೊಯ್ದು ಹಿಮ್ಮಡಿ ಸೀಳಿತ್ತು. ಅವನಿಗೆ ಗೊತ್ತೇ ಇರಲಿಲ್ಲ. ಹುಸೇನಬಿ ಹೆಜ್ಜೆ ನೋಡಿದಳು, ಗಂಡನ ಮುಖ ನೋಡಿದಳು.

"ನಿಲ್ಲಪಾ ಚನ್ನೇಶಾ! ಕೈ ತಗಿ ಮೊದಲ!" ಆಮೇಲೆ ವಿಜಯಮಹಾಂತೇಶನಿಗೆ, "ಇವರಿಗೆ ಮುಳ್ಳು ಚುಚ್ಚೈತಿ. ಇನ್ನೊಂದ್ಸಲ ನಾ ನೋಡ್ತೇನಿ," ಎಂದಳು.

"ಚಾಚಿ, ಇದು ಮೆಣಸಿನಕಾಯಿ ರಾಶಿ ಅಲ್ರಿ."

"ಮೆಣಸಿನಕಾಯಿ ರಾಶಿ ಆಗಿದ್ರ ನಿನ್ನ ಗಾಡಿ ಹುಗೀತಿದ್ದಿಲ್ಲಪಾ."

ಜನ ನಕ್ಕರು. ಸಲಾವುದ್ದೀನನೂ ನಕ್ಕು ಸುಮ್ಮನಿರಬಹುದಿತ್ತು. ಮುಳ್ಳಿನ ಮಾತನ್ನು ಹೆಂಡತಿ ಅವನಿಗಾಗಿಯೇ ಆಡಿದ್ದಳು. ಆದರೆ ಎದುರಿಗೆ ಗಾಜಿನ ಹಿಂದೆ ಚನ್ನೇಶ ಇವನನ್ನೇ ನೋಡುತ್ತಿದ್ದ, ಕೈ ಇನ್ನೂ ಹಿಡಿಕೆಯ ಹತ್ತಿರವೇ ಇತ್ತು.

"ಮುಳ್ಳಲ್ಲೋ ಮಾಂತೇಶಾ," ಎಂದ. "ನನ್ನ ಕಾಲಿಗೆ ಏನೂ ತಿಳಿಯಂಗಿಲ್ಲ. ವರ್ಷ ಆತು. ಚನ್ನೇಶಾ, ನಾ ಹೇಳಿದ ಜಾಗಾ ನಂಬಬ್ಯಾಡ."

ಹುಸೇನಬಿ ಸೀರೆ ಎತ್ತಿ ಕಟ್ಟಿ, ಉದ್ದನೆಯ ಹಗ್ಗದ ತುದಿ ಸೊಂಟಕ್ಕೆ ಬಿಗಿದುಕೊಂಡು ನೀರಿಗೆ ನಡೆದಳು. ಇನ್ನೊಂದು ತುದಿ ಸಲಾವುದ್ದೀನ ಹಿಡಿದ. ಬೇಸಗೆಯಲ್ಲಿ ಇದೇ ಹೊಳೆಯ ಉಸುಕಿನಲ್ಲಿ ಅವಳ ಅಪ್ಪ ಕಲ್ಲಂಗಡಿ ಹಾಕುತ್ತಿದ್ದ. ಹನ್ನೆರಡು ವರ್ಷ ಅವಳು ಈ ತಳವನ್ನು ತುಳಿದಿದ್ದಳು. ಗಳದ ಹತ್ತಿರ ನಿಂತು ಹಿಮ್ಮಡಿಯಿಂದ ಒಮ್ಮೆ ಜೋರಾಗಿ ಗುದ್ದಿದಳು. ಕಾಲು ಮೊಣಕಾಲತನಕ ಹೋಯಿತು.

"ಮ್ಯಾಲ ನಾಲ್ಕ ಬೆರಳು ರವಾ! ಕೆಳಗ ಪೂರಾ ಗಂಜಿ!"

ದಡದಲ್ಲಿ ವಿಜಯಮಹಾಂತೇಶ ತಲೆ ಹಿಡಿದುಕೊಂಡ. ಸಲಾವುದ್ದೀನ ಅವಳ ಮಾತನ್ನೇ ಹಿಡಿದು ಮುಂದಿನ ಹೆಜ್ಜೆಗೆ ಕೂಗಿದ, "ಈಗ? ರವಾನೋ, ಗಂಜೀನೋ?"

"ಗಂಜಿ!"

"ಎಡಕ್ಕ ಸರಿ. ಈಗ?"

"ರವಾ... ತಡೀರಿ... ನುಚ್ಚು! ದಪ್ಪ ನುಚ್ಚು! ಎಷ್ಟ ಗುದ್ದಿದ್ರೂ ಇಳಿವಲ್ದು!"

"ಎಷ್ಟ ಅಗಲ ಐತಿ?"

"ನಮ್ಮ ಪಡಸಾಲಿಯಷ್ಟು!"

ಅಷ್ಟು ಸಾಕಿತ್ತು. ಅವಳು ಮೇಲೆ ಬರುವವರೆಗೆ ತಡೆದು ಸರಪಳಿಯನ್ನು ಎಲ್ಲಿ ಸಿಕ್ಕಿಸಬೇಕು, ಯಾವ ಗಾಡಿ ಮೊದಲು ಜಗ್ಗಬೇಕು ಎಂದು ಅವನು ಒಂದೊಂದಾಗಿ ಹೇಳಿಕೊಟ್ಟ. ಆ ಲೆಕ್ಕವೆಲ್ಲ ಅವನ ತಲೆಯಲ್ಲಿತ್ತು, ಕಾಲಿನಲ್ಲಲ್ಲ. ಚನ್ನೇಶ ಅವಳು ತೋರಿಸಿದ ಜಾಗದಲ್ಲಿ ಬಕೆಟ್ ಊರಿದ. ಕೆಸರು ದೊಡ್ಡದೊಂದು ಮುತ್ತು ಕೊಟ್ಟಂತೆ ಸಪ್ಪಳ ಮಾಡಿ ಹಿಟಾಚಿಯನ್ನು ಬಿಟ್ಟುಕೊಟ್ಟಿತು.

ಇಳಿದು ಬಂದ ಚನ್ನೇಶ ತನ್ನ ರಬ್ಬರ್ ಬೂಟು ಬಿಚ್ಚಿ, ಹುಸೇನಬಿ ಅರಿವೆ ಸುತ್ತಿದ್ದ ಸಲಾವುದ್ದೀನನ ಕಾಲಿನ ಮುಂದೆ ಇಟ್ಟ.

ಕಾಲಿನ ಸುದ್ದಿ ಮೂರು ತಾಲೂಕಿಗೂ ಮುಟ್ಟಿತು. ಇನ್ನು ಯಾರೂ ಕರೆಯುವುದಿಲ್ಲ ಎಂದು ಸಲಾವುದ್ದೀನ ಹದಿನೈದು ದಿನ ಮಂಕಾಗಿ ಕೂತ. ಆಮೇಲೊಂದು ಸೋಮವಾರ ಫೋನು ಬಂತು. ಯಾವುದೋ ಜೆಸಿಬಿ, ಯಾವುದೋ ಕೆರೆ.

"ಡ್ರೈವರ್‌ನ ಇಳಿಸಿ ಗಾಡಿ ಬಂದ್ ಮಾಡ್ರಿ," ಎಂದ. "ಇವತ್ತು ಬ್ಯಾಡಗಿ ಮಾರ್ಕೆಟ್ ದಿನ, ಮನಿಯಾಕಿಗೆ ಕೆಲಸ ಐತಿ. ನಾಳೆ ಮುಂಜಾನೆ ಬರ್ತೇವಿ."

"ನೀವೊಬ್ಬರಾ ಲಗೂ ಬರ್ರೆಲ್ಲಾ ಕಾಕಾ!"

"ನಾನೊಬ್ಬನಾ ಬಂದು ಏನ್ ಮಾಡ್ಲೋ? ಕಾಲು ಆಕಿ ಕಡೆ ಅದಾವು."