ಮೂಗು ಮುಚ್ಚಬೇಡಿ
ತಿಮಿಂಗಿಲದ ಡಾಕ್ಟರಮ್ಮ ಬೀದಿಗೆ ಕಾಲಿಟ್ಟರೆ ಸಾಕು, ಹೆಂಗಸರು ಹಗ್ಗದ ಮೇಲೆ ಒಣಹಾಕಿದ ಹೊದಿಕೆಗಳನ್ನು ಒಳಗೆ ಎಳೆದುಕೊಳ್ಳುತ್ತಾರೆ. ದಡಕ್ಕೆ ಬಂದು ಬಿದ್ದ ತಿಮಿಂಗಿಲದ ಮೈ ಬಿಸಿಲಿಗೆ ಒಣಗದಂತೆ ಒದ್ದೆ ಬಟ್ಟೆ ಹೊದಿಸಬೇಕು. ಮೂವತ್ತು ವರ್ಷಗಳಲ್ಲಿ ಆಕೆ ಊರಿಂದ ಹೊತ್ತೊಯ್ದ ಬಟ್ಟೆಯನ್ನು ಕಡಲಿಗೇ ಹೊದಿಸಬಹುದಿತ್ತು. ಸ್ವಂತ ಮನೆಯನ್ನೂ ಬಿಟ್ಟವರಲ್ಲ. "ಈ ಮನೇಲಿ ನನಗೊಂದು ಹೊದಿಕೆ ಸಿಗಬೇಕಾದ್ರೆ ನಾನೂ ದಡಕ್ಕೆ ಹೋಗಿ ಬೀಳ್ಬೇಕು ಕಣೇ" ಎಂದು ಗಂಡ ಗೊಣಗಿದರೆ, ಅವರ ಹೊಟ್ಟೆ ನೋಡಿ, "ಬೇಡಪ್ಪ, ನಿಮ್ಮನ್ನ ಎಳೆಯೋಕೆ ಎರಡು ದೋಣಿ ಬೇಕಾಗುತ್ತೆ" ಎಂದು ನಗುತ್ತಿದ್ದರು. ದಡದಲ್ಲಿ ಮಾತ್ರ ನಗುವಿಲ್ಲ. ತಿಮಿಂಗಿಲದ ನೆತ್ತಿಯ ತೂತಿನ ಮೇಲೆ ಯಾರಾದರೂ ಬಟ್ಟೆ ಎಳೆದರೆ, "ಅಣ್ಣಾ, ಅದೇ ಅದರ ಮೂಗು! ಮೂಗು ಮುಚ್ಚಬೇಡಿ!" ಎಂದು ಕೂಗುತ್ತಾರೆ. ಆಮೇಲೆ ಗಡಿಯಾರ ಹಿಡಿದು ಪಕ್ಕದಲ್ಲೇ ಕೂತು, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುತ್ತಾರೆ. ಉಸಿರು ನಿಂತು, "ಹೋಯ್ತು ಡಾಕ್ಟರಮ್ಮ, ಏಳಿ" ಎಂದು ಮೀನುಗಾರರು ಕರೆದರೂ ಏಳುವುದಿಲ್ಲ. ನೀರಿನಡಿ ಬಹಳ ಹೊತ್ತು ಉಸಿರು ಬಿಗಿಹಿಡಿಯಬಲ್ಲ ಪ್ರಾಣಿ ಅದು. "ಇನ್ನೂ ಸ್ವಲ್ಪ ನೋಡೋಣ" ಎನ್ನುತ್ತಾರೆ. ಹಾಗೆ ಕಾದದ್ದಕ್ಕೆ ಒಂದೇ ಒಂದು ಸಲ, ಹತ್ತೊಂಬತ್ತನೆಯ ನಿಮಿಷದಲ್ಲಿ, ಎಲ್ಲರೂ ಕೈಬಿಟ್ಟಿದ್ದ ತಿಮಿಂಗಿಲವೊಂದು ಬುಸ್ಸೆಂದು ಉಸಿರು ಬಿಟ್ಟಿತ್ತು. ಹೋದ ವರ್ಷ ಆಸ್ಪತ್ರೆಯಲ್ಲಿ ಗಂಡ ತೀರಿಕೊಂಡಾಗ ನರ್ಸ್ ಬಂದು ಹೊದಿಕೆಯನ್ನು ಮುಖದ ಮೇಲೆ ಎಳೆದಳು. ಡಾಕ್ಟರಮ್ಮ ಅದನ್ನು ಮೆಲ್ಲಗೆ ಗಲ್ಲದವರೆಗೆ ಮಡಿಸಿ, "ಮೂಗು ಮುಚ್ಚಬೇಡಮ್ಮ, ಇನ್ನೂ ಸ್ವಲ್ಪ ನೋಡೋಣ" ಎಂದು ಕೈಗಡಿಯಾರ ನೋಡಿಕೊಂಡು ಕೂತರು. ಹತ್ತೊಂಬತ್ತು ನಿಮಿಷ ಮುಗಿಯುವವರೆಗೆ ಮೇಲೇಳಲಿಲ್ಲ.