ಮೇಲಿನ ಬೀದಿಯಿಂದ ತಂದ ಹೆಪ್ಪು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆವತ್ತಿನ ಆಯುಧಪೂಜೆಯಲ್ಲಿ ಕಂಪ್ಯೂಟರಿಗೆ ಮುಡಿಸಿದ್ದು ಸೇವಂತಿಗೆಯೋ ಚೆಂಡುಹೂವೋ ಎಂದು ನನ್ನ ದಿನಚರಿಯಲ್ಲಿ ಇಲ್ಲ. ನೆನಪಿನಲ್ಲಿ ಅದು ಬರೀ ಹಳದಿ. ಹಬ್ಬಗಳನ್ನು ನಾನು ಒಂದರ ಮೇಲೊಂದು ಹೇರಿ ನೆನಪಿಟ್ಟುಕೊಳ್ಳುತ್ತೇನೆ. ಆಧಾರವಿಲ್ಲದೆ ಏನನ್ನೂ ನಂಬಬಾರದು ಎಂದು ಎರಡು ವರ್ಷ ಇತಿಹಾಸದ ತರಗತಿಯಲ್ಲಿ ಕಲಿತವಳಿಗೆ ಇದು ಶೋಭಿಸುವ ಮಾತಲ್ಲ. ಆ ಹಬ್ಬದ ಬಗ್ಗೆ ನಾನು ಬರೆದುಕೊಂಡಿದ್ದು ಒಂದೂವರೆ ಪುಟ. ಅದರಲ್ಲೂ ಒಂದು ಸಾಲು ಹೀಗಿದೆ: ‘ಚಿಕ್ಕಪ್ಪ, ನಿಂಬೆಹಣ್ಣು, ಅಯ್ಯೋ ಹೊಟ್ಟೆ ನೋವು.’ ಆಧಾರವೆಂದರೆ ಇಷ್ಟೇ.

ಆದರೆ ಏನು ಕಳೆದುಹೋಗುವುದರಲ್ಲಿತ್ತು ಎನ್ನುವುದರ ಬಗ್ಗೆ ನನಗೆ ಅನುಮಾನವಿಲ್ಲ. ಚಿಕ್ಕವ್ವ ಬರೆದ ನಾಟಕ.

ನಮ್ಮೂರು ಹಾರನಹಳ್ಳಿಗೆ ಹತ್ತಿರ. ಊರಲ್ಲಿ ನಾಟಕಕ್ಕೆ ಬರವಿರಲಿಲ್ಲ. ಗಂಡಸರು ಕಿರೀಟ ಕಟ್ಟಿಕೊಂಡು ಬೆಳಗಿನ ಜಾವದವರೆಗೆ ಕಂದ ಹಾಡುತ್ತಿದ್ದರು, ಹೆಂಗಸರು ಚಾಪೆ ಹಾಸಿಕೊಂಡು ನೋಡುತ್ತಿದ್ದರು. ಹೆಂಗಸರೇ ಬರೆದು ಹೆಂಗಸರೇ ಆಡಿದ್ದು ಅಲ್ಲಿಯವರೆಗೆ ಒಂದೂ ಇರಲಿಲ್ಲ. ಹೊಗೆಸೊಪ್ಪು ಕೀಳುವ ಕಾಲದಲ್ಲಿ, ಎಲೆ ಒಣಗಿಸುವ ಬ್ಯಾರನ್ನಿನ ಮುಂದೆ ಹತ್ತು ಹನ್ನೆರಡು ಹೆಂಗಸರು ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಅಲ್ಲಿ ಹುಟ್ಟಿದ ಮಾತುಗಳನ್ನೆಲ್ಲ ಚಿಕ್ಕವ್ವ ಮನೆಗೆ ತಂದು ನಮ್ಮ ಹಳೇ ಕಂಪ್ಯೂಟರಿನಲ್ಲಿ ಎರಡೇ ಬೆರಳಲ್ಲಿ ಟೈಪು ಮಾಡುತ್ತಿದ್ದಳು. ಮೂರು ತಿಂಗಳಲ್ಲಿ ನಾಟಕವಾಯಿತು. ಅದರ ಪ್ರತಿ ಇನ್ನೆಲ್ಲೂ ಇರಲಿಲ್ಲ. ಪಿರಿಯಾಪಟ್ಟಣದ ಜೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸೋಣ ಎಂದರೆ, “ಅಲ್ಲಿ ಒಬ್ಬ ಓದಿದ್ರೆ ಮುಗೀತು, ನಾನು ಬಸ್ಸಿಳಿಯಾಕ್ ಮುಂಚೆ ಊರಿಗೆಲ್ಲ ಗೊತ್ತಾಗ್ತದೆ” ಎನ್ನುತ್ತಿದ್ದಳು. ವಿಜಯದಶಮಿಯ ಬೆಳಿಗ್ಗೆ ಹತ್ತು ಗಂಟೆಗೆ ಹನ್ನೊಂದು ಹೆಂಗಸರು ನಮ್ಮ ಹಟ್ಟಿಗೆ ಬರುವುದು, ಚಿಕ್ಕವ್ವ ಪರದೆ ನೋಡಿ ಓದುವುದು, ಅವರವರ ಪಾರ್ಟನ್ನು ಅವರವರೇ ಬರೆದುಕೊಳ್ಳುವುದು ಎಂದು ಗೊತ್ತಾಗಿತ್ತು.

ನಾನು ಕದ್ದು ಓದಿದ್ದೆ. ಅದರಲ್ಲಿ ಒಬ್ಬ ಗಂಡ ಬರುತ್ತಾನೆ. ಜಗುಲಿಯಿಂದ ಏಳುವುದಿಲ್ಲ. ಹೆಂಡತಿ ಸಾರಿಗೆ ಒಗ್ಗರಣೆ ಹಾಕಿದರೂ, ಕರುವಿಗೆ ಹಾಲು ಬಿಟ್ಟರೂ, ಕೊನೆಗೆ ಕೆಮ್ಮಿದರೂ ಕೂತಲ್ಲಿಂದಲೇ “ಅಂಗಲ್ಲ ಕಣೇ” ಅನ್ನುತ್ತಾನೆ. ಓದುವಾಗ ನಾನು ಬಾಯಿಗೆ ಸೆರಗು ತುರುಕಿಕೊಂಡಿದ್ದೆ. (ಆಗ ನಾನು ಚೂಡಿದಾರ ಹಾಕುತ್ತಿದ್ದೆ, ದುಪಟ್ಟಾ ಇರಬೇಕು.) ಯಾಕೆಂದರೆ ಅದೇ ಹೊತ್ತಿಗೆ ಹೊರಗಡೆ ಚಿಕ್ಕಪ್ಪ ಜಗುಲಿಯ ಮೇಲೆ ಕೂತು ಯಾರಿಗೋ “ಅಂಗಲ್ಲ ಕಣ್ಲಾ” ಅನ್ನುತ್ತಿದ್ದರು.

ಆಯುಧಪೂಜೆಯ ದಿನ ನಮ್ಮಲ್ಲಿ ತೊಳೆಯದ ವಸ್ತು ಇರುವುದಿಲ್ಲ. ಟ್ರ್ಯಾಕ್ಟರು, ಔಷಧಿ ಹೊಡೆಯುವ ಯಂತ್ರ, ಕುಡುಗೋಲು, ಈಳಿಗೆಮಣೆ, ಕೊನೆಗೆ ಬ್ಯಾರನ್ನಿನ ಶಾಖ ನೋಡುವ ಥರ್ಮಾಮೀಟರಿಗೂ ಸ್ನಾನ, ಕುಂಕುಮ. ಕಂಪ್ಯೂಟರಿನ ಸ್ನಾನ ಚಿಕ್ಕವ್ವನ ಪಾಲಿಗೆ ಬಂದಿತ್ತು. ಹೊರಗೆಲ್ಲ ಒದ್ದೆಬಟ್ಟೆಯಲ್ಲಿ ಒರೆಸಿ, ಮಾನಿಟರಿಗೆ ಮೂರು ಗೆರೆ ವಿಭೂತಿ ಎಳೆದು, ಹೂ ಮುಡಿಸಿದಳು. ಚಿಕ್ಕಪ್ಪ ಟ್ರ್ಯಾಕ್ಟರಿನ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿ ಬಂದವರು ಒಂದು ಹಣ್ಣು ಉಳಿದಿದೆ ಎಂದು ಒಳಗೆ ತಂದರು.

“ಇದ್ಕೂ ಮಡುಗಿ.”

“ಇದ್ಕೆಲ್ಲಿ ಚಕ್ರ ಅದೆ?” ಎಂದಳು ಚಿಕ್ಕವ್ವ.

ಚಿಕ್ಕಪ್ಪ ಮೌಸನ್ನು ಎತ್ತಿ, ತಿರುಗಿಸಿ, ಅದರ ನಡುವಿನ ಪುಟ್ಟ ಚಕ್ರವನ್ನು ಬೆರಳಲ್ಲಿ ತಿರುವಿದರು. “ಅಂಗಲ್ಲ ಕಣೇ, ಇಲ್ನೋಡು” ಎಂದು ಮೌಸನ್ನು ಭಕ್ತಿಯಿಂದ ನಿಂಬೆಹಣ್ಣಿನ ಮೇಲೆ ಹತ್ತಿಸಿ ಇಳಿಸಿದರು. ನನ್ನ ದಿನಚರಿಯ ಸಾಲು ಇದೇ.

ಆಮೇಲೆ ಅವರು ಹೆಮ್ಮೆಯಿಂದ ಇನ್ನೊಂದು ಮಾತು ಹೇಳಿದರು: “ನಾಟ್ಕದ ದಿವ್ಸ ನಾನು ಮುಂದ್ಗಡೆ ಕುರ್ಚೀಲೇ ಕೂತ್ಕತೀನಿ. ನಿಮ್ಮಪ್ಪನ ಮನೆಯೋರ್ನೂ ಕರ್ಸು, ಎಲ್ರೂ ನೋಡ್ಲಿ.” ಚಿಕ್ಕವ್ವ ನಗಲಿಲ್ಲ. “ಒಳಗಡೆ ಇನ್ನೂ ಗುಡಿಸಾದು ಅದೆ” ಎಂದು ಕಂಪ್ಯೂಟರಿನ ಮುಂದೆ ಕೂತಳು. ಇದನ್ನು ನಾನು ನಿಜವಾಗಿ ನೋಡಿದೆನೋ, ಆಮೇಲೆ ನಡೆದದ್ದರಿಂದ ಊಹಿಸಿಕೊಂಡೆನೋ ಹೇಳಲಾರೆ.

ಊಟವಾದ ಮೇಲೆ ನಾನು ಸ್ವಿಚ್ ಹಾಕಿದೆ. ಕರೀ ಪರದೆ, ಮೇಲ್ಗಡೆ ಬಿಳೀ ಅಕ್ಷರದಲ್ಲಿ ಒಂದೇ ಸಾಲು: ಇಂಥ ಫೈಲು ಕಾಣೆಯಾಗಿದೆ. ಹೆಸರು ಇಂಗ್ಲಿಷಿನ ಐದು ಅಕ್ಷರ, ನಡುವೆ ಒಂದೂ ಸ್ವರವಿಲ್ಲ, ಬಾಯಿಗೆ ಕಲ್ಲು ಸಿಕ್ಕಿದ ಹಾಗೆ. ಆರಿಸಿ ಮತ್ತೆ ಹಾಕಿದೆ. ಅದೇ ಸಾಲು. ಚಿಕ್ಕಪ್ಪ ಬಂದು ಪೆಟ್ಟಿಗೆಯ ಎರಡೂ ಕಪಾಳಕ್ಕೆ ಹೊಡೆದರು. ಅದೇ ಸಾಲು.

“ಚಿಕ್ಕವ್ವ, ನೀನು ಒಳಗೆ ಏನ್ ಗುಡಿಸ್ದೆ?”

“ಬ್ಯಾಡದ್ದು ಗುಡಿಸ್ದೆ ಕಣಮ್ಮಿ. ಯಾರೂ ಮುಟ್ಟದೆ ಬಿದ್ದಿದ್ವು. ಎಷ್ಟ್ ವರ್ಸದಿಂದ ಅಲ್ಲೇ ಬಿದ್ದಿದ್ವೋ, ತೆಗೆದು ಎಸ್ದೆ. ಕಸದ ಬುಟ್ಟೀನೂ ಖಾಲಿ ಮಾಡ್ದೆ. ಹಬ್ಬ ಅಲ್ವ?”

ಹಬ್ಬ ಹೌದು. ಅಟ್ಟದ ಮೇಲಿನ ಒಡೆದ ಮೊರ ಹೋಗುವ ದಿನವೇ ಕಂಪ್ಯೂಟರನ್ನು ಎಬ್ಬಿಸುವ ಫೈಲೂ ಹೋಗಿತ್ತು.

ಹುಣಸೂರಿನ ರಿಪೇರಿ ಅಂಗಡಿಯವರಿಗೆ ಫೋನು ಮಾಡಿದೆ. ಹಬ್ಬದ ಹೋಳಿಗೆ ಬಾಯಲ್ಲಿಟ್ಟುಕೊಂಡೇ ಮಾತಾಡಿದರು. “ಫಾರ್ಮ್ಯಾಟ್ ಹೊಡೀಬೇಕು ಮೇಡಂ. ಇರೋದೆಲ್ಲ ಹೋಗ್ತದೆ, ಹೊಸಾದಂಗೆ ಆಗ್ತದೆ.” ಎಲ್ಲ ಹೋಗುವುದಾದರೆ ನಾಟಕವೂ ಹೋಗುತ್ತದೆ. ನಾನು ಫೋನಿಟ್ಟು, ಮೊಬೈಲಿನಲ್ಲೇ ಹುಡುಕತೊಡಗಿದೆ. ಮನೆಯ ಹಿಂದಿನ ದಾಸವಾಳದ ಗಿಡದ ಹತ್ತಿರ ಮಾತ್ರ ಸಿಗ್ನಲ್. ಒಂಟಿಕಾಲಲ್ಲಿ ನಿಂತು ಓದಿದೆ. ಅದೇ ತರದ ಇನ್ನೊಂದು ಕಂಪ್ಯೂಟರಿನಿಂದ ಆ ಫೈಲಿನ ನಕಲು ತಂದು ಹಾಕಿದರೆ ಸಾಕು, ಬೇರೇನೂ ಹಾಳಾಗುವುದಿಲ್ಲ ಎಂದಿತ್ತು. ಕೂಗಿಕೊಂಡು ಒಳಗೆ ಓಡಿದೆ.

ಚಿಕ್ಕವ್ವ ಸಾವಧಾನವಾಗಿ ಕೇಳಿಸಿಕೊಂಡಳು. “ಅಂದ್ರೆ ಹೆಪ್ಪು.”

“ಏನು?”

“ಹಾಲೆಲ್ಲ ಅಂಗೇ ಅದೆ. ಹೆಪ್ಪು ಇಲ್ದೆ ಮೊಸರಾಗ್ತಿಲ್ಲ. ಯಾರ ಮನೆಯಿಂದಾನ ಒಂದು ತೊಟ್ಟು ತಂದು ಬುಟ್ರೆ ಆಯ್ತು.”

ಇದಕ್ಕಿಂತ ಚೆನ್ನಾಗಿ ಇದನ್ನು ವಿವರಿಸಿದವರನ್ನು ನಾನು ಈವರೆಗೆ ಕಂಡಿಲ್ಲ.

ಹೆಪ್ಪು ಎಲ್ಲಿದೆ ಎಂಬುದೂ ಗೊತ್ತಿತ್ತು. ಹುಣಸೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು ತರಗತಿ ಮುಚ್ಚುವಾಗ ಯಂತ್ರಗಳನ್ನು ಮಾರಿದ್ದರು. ಎರಡು ನಮ್ಮೂರಿಗೆ ಬಂದಿದ್ದವು, ಒಂದೇ ಹಟ್ಟಿಯ ಕರುಗಳ ಹಾಗೆ. ಒಂದು ನಮ್ಮದು, ಇನ್ನೊಂದು ಮೇಲಿನ ಬೀದಿಯ ಅಜ್ಜಿಯ ಮನೆಯದು. ಮೊಮ್ಮಕ್ಕಳು ಹಾಸ್ಟೆಲಿಗೆ ಹೋದ ಮೇಲೆ ಅಜ್ಜಿ ಅದರಲ್ಲಿ ಇಸ್ಪೀಟಾಡಲು ಕಲಿತಿದ್ದಳು. ಕನ್ನಡಕ ಏರಿಸಿ ಒಬ್ಬಳೇ ಆಡಿ, ಒಬ್ಬಳೇ ಸೋತು, ಕಂಪ್ಯೂಟರನ್ನು ಬೈಯುತ್ತಿದ್ದಳು.

ಪೆನ್‌ಡ್ರೈವ್ ಹಿಡಿದು ನಾವಿಬ್ಬರೂ ಹೋಗುವ ಹೊತ್ತಿಗೆ ಅಜ್ಜಿ ಆಗತಾನೇ ದೀಪ ಹಚ್ಚಿ ಹೊಸ್ತಿಲ ಮೇಲೆ ಕೂತಿದ್ದಳು. ಚಿಕ್ಕವ್ವ ಅಭ್ಯಾಸಬಲದಿಂದ, “ಅಜ್ಜಿ, ಒಂಚೂರು ಹೆಪ್ಪು ಬೇಕಿತ್ತು” ಅಂದುಬಿಟ್ಟಳು.

“ದೀಪ ಹಚ್ಚುದ್ ಮೇಲೆ ಹೆಪ್ಪು ಕೊಟ್ಟಾರೇನಮ್ಮಿ? ಬುದ್ಧಿ ಎಲ್ಲೋಯ್ತು?”

“ಮೊಸರಿನ ಹೆಪ್ಪಲ್ಲ ಅಜ್ಜಿ, ಕಂಪ್ಯೂಟರ್‌ದು,” ಎಂದು ನಾನು ನಡುವೆ ಬಂದೆ. ಫೈಲು, ನಕಲು, ನಿಮ್ಮಲ್ಲಿರುವುದು ಅಲ್ಲೇ ಇರುತ್ತದೆ, ಒಂದು ಚೂರೂ ಕಡಿಮೆಯಾಗುವುದಿಲ್ಲ ಎಂದೆಲ್ಲ ವಿವರಿಸಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹೆಪ್ಪು ಕೊಟ್ರೂ ನಮ್ಮ ಗಡಿಗೇಲಿ ಮೊಸರು ಅಂಗೇ ಇರ್ತದೆ ಮಗ. ಆದ್ರೂ ದೀಪ ಹಚ್ಚುದ್ ಮೇಲೆ ಕೊಡಾಕಿಲ್ಲ. ಮೈಸೂರ್‌ಗಂಟ ಹೋಗಿ ಓದ್ಕಂಡ್ ಬಂದಿದ್ದೀಯ, ಇಷ್ಟು ಗೊತ್ತಾಗಾಕಿಲ್ವ?”

ಹಿಂದಿರುಗುವಾಗ ಬೀದಿಯುದ್ದಕ್ಕೂ ನಾನೂ ಚಿಕ್ಕವ್ವನೂ ನಕ್ಕೆವು. ನಕ್ಕು ನಕ್ಕು ನಾನು ಒಂದು ಸಲ ಹಸುವಿನ ಗೂಟಕ್ಕೆ ಮುಗ್ಗರಿಸಿದೆ. ಆದರೆ ಮನೆ ಮುಟ್ಟಿದಾಗ ಚಿಕ್ಕವ್ವ, “ಹೋದ್ರೆ ಹೋಯ್ತು ಬುಡಮ್ಮಿ, ನಾಟ್ಕ ತಾನೆ” ಅಂದಳು. ನನಗೆ ಸಮಾಧಾನವಾಗಲಿ ಎಂದು ಹಾಗಂದಳು ಅಂದುಕೊಂಡೆ.

ಬೆಳಿಗ್ಗೆ ಎದ್ದಾಗ ಇನ್ನೊಂದು ತೊಡಕು ಹೊಳೆಯಿತು. ನಮ್ಮ ಯಂತ್ರ ಏಳುವುದೇ ಇಲ್ಲ ಎಂದ ಮೇಲೆ ಪೆನ್‌ಡ್ರೈವಿನಲ್ಲಿ ಹೆಪ್ಪು ತಂದರೂ ಬಿಡುವುದು ಹೇಗೆ? ಹಾಲನ್ನೇ ಅಲ್ಲಿಗೆ ಒಯ್ಯಬೇಕು. ತರಕಾರಿ ಚಾಕುವಿನ ತುದಿಯಲ್ಲಿ ಸ್ಕ್ರೂ ಬಿಚ್ಚಿ, ಒಳಗಿನ ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದೆ. ಅಂಗೈ ಅಗಲ, ಇಟ್ಟಿಗೆಯ ಭಾರ. ಚಿಕ್ಕವ್ವ ಅದನ್ನು ಒಗೆದ ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡಳು. ದಾರಿಯಲ್ಲಿ ಕಂಡ ಮೂವರಾದರೂ ಕೂಸು ಯಾರದು ಎಂದು ಕೇಳಿದರು. “ನಂದೇ” ಅಂದಳು ಚಿಕ್ಕವ್ವ.

ಅಜ್ಜಿ ಬೆಳಕು ಹರಿದಿರುವುದನ್ನು ಒಮ್ಮೆ ನೋಡಿ ಒಳಗೆ ಬಿಟ್ಟಳು. ಅವಳ ಯಂತ್ರದ ಹೊಟ್ಟೆ ಬಿಚ್ಚಿ, ಅಲ್ಲಿದ್ದ ಡಿಸ್ಕಿನ ಪಕ್ಕ ನಮ್ಮದನ್ನೂ ಜೋಡಿಸಬೇಕಿತ್ತು. ಅದಕ್ಕೆ ಮೊದಲು ನಮ್ಮದರ ಬೆನ್ನಿನಲ್ಲಿದ್ದ ಒಂದು ಪುಟ್ಟ ಕ್ಲಿಪ್ಪನ್ನು ಪಕ್ಕಕ್ಕೆ ಸರಿಸಿ, ಈ ಮನೆಯಲ್ಲಿ ನೀನು ಎರಡನೆಯವಳು ಎಂದು ಅದಕ್ಕೆ ತಿಳಿಸಬೇಕು.

“ಸರ್‍ಯಾಗ್ ಹೇಳು,” ಎಂದಳು ಅಜ್ಜಿ. “ಇಬ್ರು ಯಜಮಾನ್ತೀರಾದ್ರೆ ಒಲೆ ಹತ್ತಾಕಿಲ್ಲ.”

ಹತ್ತಿತು. ಎರಡೂ ಡಿಸ್ಕು ಕಾಣಿಸಿದವು. ಅಜ್ಜಿ “ನನ್ನ ಇಸ್ಪೀಟು ಅದಾ?” ಎಂದು ಮೊದಲು ಖಾತ್ರಿ ಮಾಡಿಕೊಂಡಳು. ನಾನು ಆ ಐದಕ್ಷರದ ಫೈಲನ್ನು ಹುಡುಕಿದೆ, ಸಿಗಲಿಲ್ಲ. ಆಮೇಲೆ ನೆನಪಾಯಿತು, ಇಂಥ ಫೈಲುಗಳನ್ನು ಕಂಪ್ಯೂಟರು ಮನೆಯವರಿಂದಲೂ ಮುಚ್ಚಿಟ್ಟಿರುತ್ತದೆ. ಒಂದು ಪಟ್ಟಿಯ ತಳಕ್ಕೆ ಹೋಗಿ, ಎರಡು ಕಡೆ ಗುರುತು ಬದಲಿಸಿ, ‘ಇವನ್ನು ತೋರಿಸುವುದು ಅಪಾಯ, ಖಂಡಿತವೇ?’ ಎಂದು ಅದು ಕೇಳಿದಾಗ ಹೌದು ಅನ್ನಬೇಕು. ಅಂದೆ. ಮಸುಕು ಬಣ್ಣದಲ್ಲಿ ಫೈಲು ಕಾಣಿಸಿಕೊಂಡಿತು. ನಕಲು ಮಾಡಿ ನಮ್ಮ ಡಿಸ್ಕಿನಲ್ಲಿಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ನಮ್ಮ ಡಿಸ್ಕು ತೆರೆದಿದ್ದರಿಂದ ನಾಟಕವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡೆ. ಆಗ ಚಿಕ್ಕವ್ವ ಪರದೆಯನ್ನು ನೋಡುತ್ತಿರಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಹೊರಡುವಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. “ಪಾತ್ರೆ ಖಾಲಿ ಬಂದದ್ದಾ? ನಂಗೇನ್ ತಂದ್ರಿ?”

“ಏನ್ ಬೇಕಜ್ಜಿ?”

“ನಂಗೂ ಒಂದ್ ಪಾರ್ಟು ಕೊಡು.”

ಮನೆಗೆ ಬಂದು ಡಿಸ್ಕನ್ನು ಅದರ ಜಾಗಕ್ಕೆ ಕೂರಿಸಿ, ಕ್ಲಿಪ್ಪನ್ನು ಹಿಂದಿನಂತೆ ಸರಿಸಿ, ಸ್ವಿಚ್ ಒತ್ತಿದೆ. ಕರೀ ಪರದೆ. ಹಾಗೇ ಇತ್ತು, ಇತ್ತು, ಆಮೇಲೆ ನಮ್ಮ ಹಳೇ ಹಸಿರು ಗುಡ್ಡ, ನೀಲಿ ಆಕಾಶ. ನಾನು ಕಿರುಚಿದ ಸದ್ದಿಗೆ ಕೊಟ್ಟಿಗೆಯ ಎಮ್ಮೆ ಎದ್ದು ನಿಂತಿತು. ಚಿಕ್ಕಪ್ಪ ಜಗುಲಿಯಿಂದ, “ನಿಂಬೆಹಣ್ಣು ಮಡುಗಿದ್ದು ಸುಮ್ಕೆ ಅಲ್ಲ ಕಣ್ರಮ್ಮಿ!” ಎಂದು ಕೂಗಿದರು. ಹತ್ತು ಗಂಟೆಗೆ ಹನ್ನೊಂದು ಹೆಂಗಸರ ಜೊತೆ ಹನ್ನೆರಡನೆಯವಳಾಗಿ ಅಜ್ಜಿಯೂ ಬಂದು ಎಲ್ಲರಿಗಿಂತ ಮುಂದೆ ಕೂತಳು.

ನಾಟಕ ಮೂರು ವಾರದ ಮೇಲೆ ಶಾಲೆಯ ಅಂಗಳದಲ್ಲಿ ನಡೆಯಿತು. (ನಾಲ್ಕು ವಾರವೂ ಇರಬಹುದು.) ಅಜ್ಜಿ ಅತ್ತೆಯ ಪಾರ್ಟಿನಲ್ಲಿ ಬರೆಯದ ಮಾತನ್ನೆಲ್ಲ ಆಡಿದಳು. ಮುಂದಿನ ಸಾಲಿನ ಕುರ್ಚಿಯಲ್ಲಿ ಚಿಕ್ಕಪ್ಪ, ಪಕ್ಕದಲ್ಲಿ ಚಿಕ್ಕವ್ವನ ತವರಿನವರು. ಗಂಡನ ಪಾರ್ಟು ಹಾಕಿದಾಕೆ ಮೊದಲ ಸಲ “ಅಂಗಲ್ಲ ಕಣೇ” ಎಂದಾಗ ಇಡೀ ಅಂಗಳ ಚಿಕ್ಕಪ್ಪನ ಬೆನ್ನು ನೋಡಿತು. ಆ ಬೆನ್ನು ಕುಲುಕತೊಡಗಿತು. ಕೊನೆಯವರೆಗೂ ಕುಲುಕಿತು. ಮನೆಗೆ ಬಂದ ಮೇಲೆ ನಗುತ್ತಲೇ ಕಣ್ಣೊರೆಸಿಕೊಂಡು ಅಂದರು: “ಆ ಗಂಡಸ್ನ ಚೆನ್ನಾಗಿ ಬರ್ದಿದ್ದೀಯ ಕಣೇ. ಅಂತೋರು ನಮ್ಮೂರಲ್ಲೇ ಅವ್ರೆ.”

ಚಿಕ್ಕವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ನಾನೂ ಹಿಂದೆಯೇ ಓಡಿದೆ. ಇಬ್ಬರಿಗೂ ಉಸಿರು ಕಟ್ಟುವಷ್ಟು ನಗು. ನಗು ಇಳಿಯುತ್ತಿದ್ದಂತೆ ನನಗೆ ಅಜ್ಜಿಯ ಮನೆಯ ಆ ಪಟ್ಟಿ, ಎರಡು ಗುರುತು, ‘ಖಂಡಿತವೇ?’ ಎಂಬ ಪ್ರಶ್ನೆ ನೆನಪಾದವು. ಗುಡಿಸುವವರ ಕಣ್ಣಿಗೆ ತಾನಾಗಿ ಬೀಳುವ ಫೈಲು ಅದಲ್ಲ. ಹಿಂದಿನ ಬೇಸಿಗೆ ರಜದಲ್ಲಿ ನಾನೇ ಏನೋ ಹುಡುಕುತ್ತಾ ನಮ್ಮ ಯಂತ್ರದಲ್ಲಿ ಆ ಗುರುತು ಬದಲಿಸಿ ಮರೆತಿರಬಹುದು. ಇಲ್ಲವೆಂದು ಪ್ರಮಾಣ ಮಾಡಲಾರೆ. ಹಾಗಿದ್ದರೂ ಅಳಿಸುವ ಮುಂಚೆ ಕಂಪ್ಯೂಟರು ಇನ್ನೊಮ್ಮೆ ಕೇಳಿರಲೇಬೇಕು, ಇದು ಹೋದರೆ ನಾನು ಏಳದೇ ಇರಬಹುದು ಎಂದು. ಚಿಕ್ಕವ್ವ ಎಸ್ಸೆಸ್ಸೆಲ್ಸಿ ಓದಿದವಳು. ಇಂಗ್ಲಿಷನ್ನು ನಿಧಾನವಾಗಿಯಾದರೂ ಓದುತ್ತಾಳೆ. ಅವಳು ಗುಡಿಸಲು ಕೂತದ್ದು ಚಿಕ್ಕಪ್ಪ ಮುಂದಿನ ಕುರ್ಚಿಯ ಮಾತು ಆಡಿದ ಮೇಲೆ.

ಅವಳು ಬೆಚ್ಚಗಿನ ಹಾಲಿಗೆ ಕಿರುಬೆರಳು ಅದ್ದಿ ನೋಡಿ, ಒಂದು ಚಮಚ ಹೆಪ್ಪು ಬಿಟ್ಟು, ಮುಚ್ಚಳ ಮುಚ್ಚುತ್ತಿದ್ದಳು. ಆಗ ಕೇಳಿದ್ದನ್ನೇ ಹೋದ ತಿಂಗಳು ಊರಿಗೆ ಹೋದಾಗ ಇನ್ನೊಮ್ಮೆ ಕೇಳಿದೆ. ಎರಡು ಸಲವೂ ಅವಳು ಮುಚ್ಚಳವನ್ನೇ ಸರಿಮಾಡಿದಳು.

“ಚಿಕ್ಕವ್ವ, ಆವತ್ತು ಅದು ‘ಖಂಡಿತವಾ’ ಅಂತ ಕೇಳ್ದಾಗ, ನೀನು ಓದಿದ ಮೇಲೇ ತಾನೆ ಹೂಂ ಅಂದಿದ್ದು?”