ಸಮುದ್ರವಿಲ್ಲದ ಊರಿಗೆ ಬಂದ ಕರೆ

“ಮೇಡಂ, ನಮ್ಮನೆಯವ್ರು ಇರೋ ಹಡಗಿಗೆ ನೀರು ನುಗ್ತಾ ಇದೆ!”

ತುಮಕೂರಿನ ವಿಪತ್ತು ಸಹಾಯವಾಣಿಯಲ್ಲಿ ನಾನು ಎತ್ತಿದ ಕರೆ ಅದು. ನಮಗೆ ಬರುವುದು ಕೆರೆ ಏರಿ ಒಡೆದದ್ದು, ಮರ ಉರುಳಿದ್ದು, ಇಂಥವೇ. ಮಾತನಾಡುತ್ತಿದ್ದವರು ಗುಬ್ಬಿಯಲ್ಲಿ ಬಟ್ಟೆ ಹೊಲಿಯುವ ನಸೀಮಾ. ಅವರ ಗಂಡ ಸಣ್ಣ ಸರಕು ಹಡಗೊಂದರಲ್ಲಿ ಅಡುಗೆಯವರು. ಹಡಗಿನ ವೈರ್‌ಲೆಸ್ ಕೆಟ್ಟಿದೆ ಎಂದು ಹೆಂಡತಿಗೆ ಹೇಳಿ, ಮೊಬೈಲಿನಿಂದ ಲೊಕೇಶನ್ ಕಳಿಸಿದ ಮೇಲೆ ಗಂಡನ ಫೋನ್ ಸಿಗುತ್ತಲೇ ಇರಲಿಲ್ಲ.

ಹಡಗಿಗೆ ಯಾರನ್ನು ಕರೆಯಬೇಕೆಂದು ನಮ್ಮ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಅಮ್ಮಾ, ಇದು ತುಮಕೂರು. ಇಲ್ಲಿ ಸಮುದ್ರ ಇಲ್ವಲ್ಲ” ಎಂದೆ.

“ಸಮುದ್ರ ಇಲ್ದಿದ್ರೇನ್ ಮೇಡಂ, ಸಮುದ್ರಕ್ಕೆ ಹೋದೋರು ಇದಾರಲ್ಲ! ಫೋನ್ ಮಾತ್ರ ಇಡ್ಬೇಡಿ.”

ಇಡಲಿಲ್ಲ. ಇನ್ನೊಂದು ಫೋನಿನಿಂದ ಕರಾವಳಿ ಜಿಲ್ಲೆಯ ಸಹಾಯವಾಣಿಗೆ ಕರೆ ಮಾಡಿದೆ. ಹಡಗಿನ ಸುದ್ದಿಯೇ ಅವರಿಗೆ ತಲುಪಿರಲಿಲ್ಲ. ನಸೀಮಾ ನಮ್ಮ ವಾಟ್ಸಾಪ್‌ಗೆ ಕಳಿಸಿದ ಲೊಕೇಶನ್ ಅನ್ನು ಅವರು ತಕ್ಷಣ ಸಮುದ್ರ ರಕ್ಷಣಾ ಕೇಂದ್ರಕ್ಕೆ ದಾಟಿಸಿದರು. ಅಷ್ಟು ಹೊತ್ತೂ ನನ್ನ ಒಂದು ಕಿವಿಯಲ್ಲಿ ನಸೀಮಾ ಅವರ ಉಸಿರು ಕೇಳುತ್ತಿತ್ತು.

ಸಂಜೆ ಉತ್ತರ ಬಂತು. ಹಡಗು ಮುಳುಗಿತ್ತು, ಆದರೆ ಅದರಲ್ಲಿದ್ದವರೆಲ್ಲ ಕೇಂದ್ರದವರು ಕಳಿಸಿದ ರಕ್ಷಣಾ ದೋಣಿ ಹತ್ತಿದ್ದರು. ವಿಷಯ ತಿಳಿಸಿದಾಗ ನಸೀಮಾ ಫೋನನ್ನು ಪಕ್ಕದಲ್ಲಿದ್ದ ಅತ್ತೆಯ ಕೈಗೆ ಕೊಟ್ಟರು. ಅತ್ತೆ, “ನೀವು ಚೆನ್ನಾಗಿರ್ಬೇಕು ಕಣಮ್ಮ” ಎಂದು ಅತ್ತರು.

ಮರುದಿನವೇ ನಮ್ಮ ಅಧಿಕಾರಿ ಸಮುದ್ರ ರಕ್ಷಣಾ ಕೇಂದ್ರದ ನಂಬರನ್ನು ಪ್ರತಿ ಫೋನಿನ ಪಕ್ಕವೂ ಅಂಟಿಸಿದರು. ಹೊಸದಾಗಿ ಕೆಲಸಕ್ಕೆ ಬಂದವರು ಅದನ್ನು ನೋಡಿ ನಗುತ್ತಾರೆ. ನಾನು ಅವರನ್ನು ಕೂರಿಸಿ, ಆ ನಂಬರಿಗೆ ಒಮ್ಮೆ ಕರೆ ಮಾಡಿಸುತ್ತೇನೆ.